ಪರದೇಶದಲ್ಲಿ ನಾಲ್ಕು ರಾತ್ರಿ: ತಂಗುವ ಕೋಣೆ ಯಾರಿಗಾಗಿ?

ಹೊರದೇಶದ ಕಿರುಪ್ರವಾಸದ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಚರ್ಚೆಯಾಗುವುದು ವಿಮಾನದ ದರ. ಆ ಬಳಿಕ ನೋಡಬೇಕಾದ ಸ್ಥಳಗಳ ಪಟ್ಟಿ ಸಿದ್ಧವಾಗುತ್ತದೆ. ತರಬೇಕಾದ ಸಾಮಾನುಗಳ ಪಟ್ಟಿ ಅದಕ್ಕಿಂತಲೂ ಉದ್ದವಾಗುತ್ತದೆ. ತಂಗುವ ಜಾಗದ ವಿಚಾರ ಕಟ್ಟಕಡೆಗೆ ಬರುತ್ತದೆ. 'ರಾತ್ರಿ ಮಲಗುವುದಕ್ಕೆ ತಾನೆ, ಯಾವುದಾದರೇನು' ಎಂಬ ಒಂದೇ ಮಾತಿನಲ್ಲಿ ಅದು ಮುಗಿದೂ ಹೋಗುತ್ತದೆ. ಈ ಮಾತನ್ನು ಆಡುವವರು ಸಾಮಾನ್ಯವಾಗಿ ಮನೆಯ ಗಂಡಸರು. ದಿನವಿಡೀ ತಿರುಗಿ ಬಂದು ದಿಂಬಿಗೆ ತಲೆ ಕೊಟ್ಟೊಡನೆ ನಿದ್ರೆ ಹೋಗಬಲ್ಲವರು. ಮಂಡಿನೋವಿನ ತಾಯಿ, ಎಂಟು ತಿಂಗಳ ಕೂಸನ್ನು ಎತ್ತಿಕೊಂಡ ಸೊಸೆ, ಹದಿಮೂರರ ಮಗಳು, ಇವರನ್ನು ಕೇಳಿದರೆ ಬರುವ ಉತ್ತರವೇ ಬೇರೆ. ಆದರೆ ಅವರನ್ನು ಕೇಳುವವರು ವಿರಳ.

ಟೇಕಲ್, ಮಾಲೂರು, ಬಂಗಾರಪೇಟೆಗಳ ಕಡೆಯ ನಮ್ಮ ಕುಟುಂಬಗಳು ಹೊರದೇಶಕ್ಕೆ ಹೋಗುವುದು ಬಹುಮಟ್ಟಿಗೆ ಎರಡು ಕಾರಣಗಳಿಗೆ. ಒಂದು ಉಮ್ರಾ. ಇನ್ನೊಂದು, ದುಬೈಯಲ್ಲೋ ಶಾರ್ಜಾದಲ್ಲೋ ದುಡಿಯುತ್ತಿರುವ ಮಗನನ್ನು, ಅಳಿಯನನ್ನು ಕಂಡು ನಾಲ್ಕಾರು ದಿನ ಊರು ನೋಡಿಕೊಂಡು ಬರುವುದು. ಉಮ್ರಾಕ್ಕೆ ಹೊರಟಾಗ ಓದುಬರಹ ಅರಿಯದ ದಾದಿಯೂ 'ಹರಮ್‌ನಿಂದ ರೂಮು ಎಷ್ಟು ದೂರ, ಲಿಫ್ಟ್ ಇದೆಯೋ ಇಲ್ಲವೋ' ಎಂದು ಏಜೆಂಟನನ್ನು ಕೇಳದೆ ಹಣ ಕೊಡಗೊಡುವುದಿಲ್ಲ. ಅದೇ ಕುಟುಂಬ ದುಬೈಗೆ ಹೊರಟಾಗ ಮೊಬೈಲಿನಲ್ಲಿ ಅಗ್ಗದ ದರ ಕಂಡೊಡನೆ ಗುಂಡಿ ಒತ್ತಿಬಿಡುತ್ತದೆ. ಒಂದು ಯಾತ್ರೆಯಲ್ಲಿದ್ದ ಜಾಗ್ರತೆ ಇನ್ನೊಂದರಲ್ಲಿ ಏಕೆ ಇರಬಾರದು?

ಮದ್ರಸದಲ್ಲಿ ಪಾಠ ಹೇಳುವವರಿಗೆ ಹೋಟೆಲುಗಳ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ತಂಗುದಾಣದ ವಿಚಾರ ನಮ್ಮ ಧರ್ಮಗ್ರಂಥಗಳಿಗೆ ಹೊರತಾದುದಲ್ಲ ಎಂಬುದೇ ನಮ್ಮ ಉತ್ತರ. ರಾತ್ರಿ ಬೀಡುಬಿಡುವಾಗ ದಾರಿಯ ಮೇಲೆ ತಂಗಬೇಡಿರಿ, ರಾತ್ರಿವೇಳೆ ಅದು ಪ್ರಾಣಿಗಳ ಓಡಾಟದ ಹಾದಿ ಮತ್ತು ಹುಳುಹುಪ್ಪಟೆಗಳ ನೆಲೆ ಎಂಬ ಅರ್ಥದ ಪ್ರವಾದಿವರ್ಯರ(ಸ) ಬೋಧನೆಯನ್ನು ಹಝ್ರತ್ ಅಬೂಹುರೈರಾ(ರ) ವರದಿ ಮಾಡಿದ್ದಾರೆ. ಅದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮರುಭೂಮಿಯ ಒಂಟೆದಾರಿಗೆ ಹೇಳಿದ ಮಾತು ಅದು. ಆದರೆ ದಣಿದವನು ಸಿಕ್ಕಿದಲ್ಲಿ ಉರುಳಿಕೊಳ್ಳಬಾರದು, ಇಳಿಯುವ ಮೊದಲು ಆ ಜಾಗದಲ್ಲಿ ರಾತ್ರಿ ಏನು ನಡೆಯುತ್ತದೆಂದು ಯೋಚಿಸಬೇಕು ಎಂಬ ಅದರ ತಿರುಳು ಇಂದಿನ ನಗರಕ್ಕೂ ಸಲ್ಲುತ್ತದೆ. ಹಗಲಿನಲ್ಲಿ ಸುಂದರವಾಗಿ ಕಾಣುವ ಬೀದಿ ರಾತ್ರಿ ಹತ್ತರ ಬಳಿಕ ಯಾರ ಹಾದಿಯಾಗುತ್ತದೆ ಎಂಬುದು ಚಿತ್ರಗಳಲ್ಲಿ ಕಾಣಿಸುವುದಿಲ್ಲ.

ಇಲ್ಲೇ ನಮ್ಮವರು ಎಡವುವುದು. 'ಮುಸ್ಲಿಮ್ ದೇಶವಲ್ಲವೇ, ಎಲ್ಲಿ ಇಳಿದುಕೊಂಡರೂ ಚಿಂತೆಯಿಲ್ಲ' ಎಂಬ ಭರವಸೆಯಿಂದ ಅವರು ಹೊರಡುತ್ತಾರೆ. ದುಬೈಯಲ್ಲಿ ಪರವಾನಗಿ ಪಡೆದ ಹೋಟೆಲುಗಳಲ್ಲಿ ಮದ್ಯ ಮಾರಬಹುದು. ದೇರಾ ಮತ್ತು ಬರ್ ದುಬೈ ಎಂಬ ಹಳೆಯ ಪೇಟೆಗಳಲ್ಲಿ ಕೈಗೆಟಕುವ ದರದ ಹೋಟೆಲುಗಳು ಸಾಲುಗಟ್ಟಿವೆ. ಅವುಗಳಲ್ಲಿ ಕೆಲವದರ ಕೆಳಮಹಡಿಯಲ್ಲಿ ಬಾರ್ ಇರುತ್ತದೆ, ಹಾಡು ಕುಣಿತದ ಕ್ಲಬ್ಬು ಇರುತ್ತದೆ. ದರ ಕಡಿಮೆ ಇರುವುದರ ಗುಟ್ಟು ಒಮ್ಮೊಮ್ಮೆ ಅಲ್ಲಿಯೇ ಅಡಗಿರುತ್ತದೆ. ನಮ್ಮ ಪರಿಚಯದ ಕುಟುಂಬವೊಂದು ಹೀಗೆಯೇ ಒಂದು ಕಡೆ ಇಳಿದುಕೊಂಡಿತು. ನಡುರಾತ್ರಿಯವರೆಗೆ ನೆಲವೇ ಅದುರುವಂತಹ ಸದ್ದು. ಲಿಫ್ಟಿನಲ್ಲಿ ಅಮಲೇರಿದವರ ಜೊತೆ ನಿಲ್ಲಲಾರದೆ ಸೊಸೆ ಸಂಜೆಯ ಬಳಿಕ ಕೋಣೆಯಿಂದ ಹೊರಬರಲೇ ಇಲ್ಲ. ಮೂರು ರಾತ್ರಿಯ ಹಣವನ್ನು ಮುಂಗಡವಾಗಿ ಕಟ್ಟಿದ್ದರು. ಹಿಂದಿರುಗಿಸುವುದಿಲ್ಲವೆಂದು ಬುಕಿಂಗ್ ಚೀಟಿಯಲ್ಲಿಯೇ ಬರೆದಿತ್ತು.

ಹಾಗೆಂದು ದೇರಾವನ್ನೇ ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದೇ ಪೇಟೆಯಲ್ಲಿ ಮದ್ಯವೇ ಇಲ್ಲದ ಶಾಂತವಾದ ತಂಗುದಾಣಗಳೂ ಇವೆ. ಮಸೀದಿ ಹತ್ತಿರ, ನಮ್ಮ ರುಚಿಯ ಊಟ ಹತ್ತಿರ, ಮೆಟ್ರೋ ಹತ್ತಿರ. ಕೇಳಿ ಆರಿಸಬೇಕು, ಅಷ್ಟೇ. ಹೋಟೆಲಿಗೆ ನೇರವಾಗಿ ಫೋನ್ ಮಾಡಿ, 'ನಿಮ್ಮ ಕಟ್ಟಡದಲ್ಲಿ ಬಾರ್ ಅಥವಾ ಕ್ಲಬ್ ಇದೆಯೇ, ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆಯೇ, ರಸ್ತೆಗೆ ಮುಖ ಮಾಡದ ಕೋಣೆ ಸಿಗುವುದೇ' ಎಂದು ಹಿಂದಿಯಲ್ಲಿ ಕೇಳಿದರೂ ಉತ್ತರ ಕೊಡುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಿಂದೆ ತಂಗಿದ್ದವರು ಬರೆದ ಅಭಿಪ್ರಾಯಗಳಲ್ಲಿ ಹೊಗಳಿಕೆಯನ್ನು ಬದಿಗಿಟ್ಟು ದೂರುಗಳನ್ನು ಮಾತ್ರ ಓದಬೇಕು. ಸದ್ದು, ಸಂಗೀತ, ಹೊಗೆ ಎಂಬ ಮಾತುಗಳು ಮೂರು ನಾಲ್ಕು ಕಡೆ ಮರುಕಳಿಸಿದರೆ ಆ ಜಾಗವನ್ನು ಕೈಬಿಡುವುದು ಲೇಸು. ಇವೆಲ್ಲಕ್ಕಿಂತ ಉತ್ತಮವಾದ ಉಪಾಯ ಇನ್ನೊಂದಿದೆ. ಅಲ್ಲಿರುವ ಮಗನನ್ನೋ ಅಳಿಯನನ್ನೋ ಶನಿವಾರ ಇಶಾ ನಮಾಝಿನ ಬಳಿಕ ಆ ಹೋಟೆಲಿನ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಲು ಹೇಳಬೇಕು. 2022ರಿಂದ ಅಲ್ಲಿ ಶುಕ್ರವಾರ ಅರ್ಧ ದಿನ ಕೆಲಸ. ಶನಿವಾರ, ಭಾನುವಾರ ರಜೆ. ಆದುದರಿಂದ ವಾರಾಂತ್ಯದ ಗದ್ದಲವನ್ನು ಕಾಣಬೇಕಾದರೆ ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಲ್ಲೇ ನೋಡಬೇಕು.

ಶಾರ್ಜಾದ ವಿಚಾರವೇ ಬೇರೆ. ಅಲ್ಲಿ 1985ರಿಂದ ಮದ್ಯ ಸಂಪೂರ್ಣ ನಿಷಿದ್ಧ, ಹೋಟೆಲುಗಳಿಗೂ ವಿನಾಯಿತಿಯಿಲ್ಲ. ನೀರಿನ ದಡದ ಅಲ್ ಮಜಾಝ್ ಉದ್ಯಾನದಲ್ಲಿ ಸಂಜೆ ಮಕ್ಕಳೊಂದಿಗೆ ಕೂರಬಹುದು. ಇಸ್ಲಾಮೀ ನಾಗರಿಕತೆಯ ವಸ್ತುಸಂಗ್ರಹಾಲಯವಂತೂ ನಮ್ಮ ಮಕ್ಕಳು ನೋಡಲೇಬೇಕಾದುದು. ಆದರೆ ಬೆಳಿಗ್ಗೆ ಮತ್ತು ಸಂಜೆ ಶಾರ್ಜಾ-ದುಬೈ ರಸ್ತೆಯಲ್ಲಿ ವಾಹನಗಳು ಇರುವೆಸಾಲಿನಂತೆ ನಿಲ್ಲುತ್ತವೆ. ದುಬೈಯನ್ನೇ ನೋಡಬೇಕೆಂದು ಹೋದವರು ಶಾರ್ಜಾದಲ್ಲಿ ತಂಗಿದರೆ ದಿನದ ದೊಡ್ಡ ಪಾಲು ಟ್ಯಾಕ್ಸಿಯಲ್ಲೇ ಕಳೆಯುತ್ತದೆ. ನಾಲ್ಕು ದಿನಗಳಲ್ಲಿ ಎರಡು ದಿನ ಇಲ್ಲಿ, ಎರಡು ದಿನ ಅಲ್ಲಿ ಎಂದು ಹಂಚಿಕೊಳ್ಳುವವರೂ ಇದ್ದಾರೆ. ಮುದುಕರನ್ನೂ ಪೆಟ್ಟಿಗೆಗಳನ್ನೂ ಹೊತ್ತು ನಡುವೆ ಮನೆ ಬದಲಿಸುವುದು ನಮಗಂತೂ ಸರಿತೋರುವುದಿಲ್ಲ.

ಎಷ್ಟು ಕೋಣೆ ಬೇಕೆಂಬುದು ಮುಂದಿನ ಪ್ರಶ್ನೆ. ಏಳೆಂಟು ಮಂದಿ ಒಂದೇ ಕೋಣೆಯಲ್ಲಿ ಹಾಸಿಗೆ ಹಾಸಿಕೊಳ್ಳುವುದನ್ನು ನಮ್ಮವರು ಮಿತವ್ಯಯವೆಂದು ಭಾವಿಸುತ್ತಾರೆ. ಸೂರಃ ಅನ್ನೂರ್‌ನ 58 ಮತ್ತು 59ನೆಯ ಸೂಕ್ತಗಳನ್ನು ನಾವು ಮದ್ರಸದಲ್ಲಿ ಕಲಿಸುತ್ತೇವೆ. ಫಜ್ರ್‌ಗೆ ಮುನ್ನ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ಇಶಾದ ಬಳಿಕ, ಈ ಮೂರು ವೇಳೆಗಳಲ್ಲಿ ಮನೆಯ ಚಿಕ್ಕ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕು. ಪ್ರಾಯಕ್ಕೆ ಬಂದವರಾದರೆ ಸದಾಕಾಲವೂ ಕೇಳಬೇಕು. ಹತ್ತರ ವಯಸ್ಸಿಗೆ ಮಕ್ಕಳ ಹಾಸಿಗೆಗಳನ್ನು ಬೇರ್ಪಡಿಸಬೇಕೆಂಬ ಹದೀಸ್ ಕೂಡ ಎಲ್ಲರಿಗೂ ತಿಳಿದುದೇ. ಊರಿನಲ್ಲಿ ಇಷ್ಟೊಂದು ಮುತುವರ್ಜಿಯಿಂದ ಪಾಲಿಸುವ ಈ ಮರ್ಯಾದೆಗೆ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದೊಡನೆ ರಜೆ ಸಿಗುವುದೇ? ಅತ್ತೆ, ಮಾವ, ಮೈದುನ ಎಲ್ಲರೂ ಮಲಗಿರುವ ಕೋಣೆಯಲ್ಲಿ ಸೊಸೆ ನಾಲ್ಕು ದಿನವೂ ತಲೆಯ ಮೇಲಿನ ದುಪಟ್ಟಾ ಸರಿಸಲಾರಳು, ಕೂಸಿಗೆ ನೆಮ್ಮದಿಯಿಂದ ಹಾಲೂಡಿಸಲಾರಳು. ಅವಳ ಪಾಲಿಗೆ ಅದು ಪ್ರವಾಸವೇ ಅಲ್ಲ.

ಇದಕ್ಕೆ ದುಬೈಯಲ್ಲಿ ಒಳ್ಳೆಯ ಪರಿಹಾರವುಂಟು. 'ಹೋಟೆಲ್ ಅಪಾರ್ಟ್‌ಮೆಂಟ್' ಎಂಬ ಬಗೆಯ ತಂಗುದಾಣಗಳಲ್ಲಿ ಒಂದೆರಡು ಮಲಗುವ ಕೋಣೆ, ಒಂದು ಹಜಾರ, ಒಲೆ ಮತ್ತು ಫ್ರಿಜ್ ಇರುವ ಅಡುಗೆಮನೆ ಇರುತ್ತವೆ. ಗಂಡುಮಕ್ಕಳು ಹಜಾರದಲ್ಲಿ ಮಲಗಬಹುದು. ಹೆಂಗಸರು ಒಳಗೆ ಬಾಗಿಲು ಹಾಕಿಕೊಂಡು ವಿಶ್ರಮಿಸಬಹುದು. ಮುಸಲ್ಲಾ ಹಾಸಲು ಜಾಗ ಹುಡುಕಬೇಕಾಗಿಲ್ಲ. ಸಕ್ಕರೆ ಕಾಯಿಲೆಯ ಅಬ್ಬಾಗೆ ಊರಿನಿಂದ ಒಯ್ದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿಕೊಡಬಹುದು. ಮೂರು ಹೊತ್ತೂ ಹೊರಗೆ ತಿನ್ನುವ ಖರ್ಚು ಉಳಿಯುತ್ತದೆ. ಖಾಸಗಿ ಮನೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರೂ ಇದ್ದಾರೆ. ಅಲ್ಲಿಯ ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಇರುವ ಮನೆಯನ್ನೇ ಹಿಡಿಯಬೇಕು. ಪರಿಚಯದವರ ಮಾತು ನಂಬಿ ವಿಭಜಿಸಿದ ಕೋಣೆಗಳ ಹಂಚಿಕೆಮನೆಗೆ ಹೆಣ್ಣುಮಕ್ಕಳನ್ನು ಕರೆದೊಯ್ಯುವುದು ಸರ್ವಥಾ ಸಲ್ಲದು.

ಕಂಡ ದರವೇ ಕೊಡುವ ದರವಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 2014ರಿಂದ ದುಬೈಯಲ್ಲಿ ಪ್ರತಿ ಕೋಣೆಗೆ ಪ್ರತಿ ರಾತ್ರಿಗೆ ತಂಗುದಾಣದ ದರ್ಜೆಗನುಸಾರವಾಗಿ 7ರಿಂದ 20 ದಿರ್ಹಮ್‌ವರೆಗೆ 'ಟೂರಿಸಂ ದಿರ್ಹಮ್' ಎಂಬ ಶುಲ್ಕವಿದೆ. 2018ರಿಂದ ಶೇಕಡಾ 5ರ ವ್ಯಾಟ್ ಇದೆ. ಇವುಗಳ ಮೇಲೆ ಸೇವಾಶುಲ್ಕ. ಅಲ್ಲದೆ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಅಥವಾ ಮೂರರ ಬಳಿಕ. ಬೆಂಗಳೂರಿನಿಂದ ವಿಮಾನ ಸುಮಾರು ನಾಲ್ಕು ಗಂಟೆಗಳದು. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್ ಅಗ್ಗವೆಂದು ನಸುಕಿನ ವಿಮಾನ ಹಿಡಿದವರು ಬೆಳಿಗ್ಗೆಯೇ ಇಳಿದು, ವಯಸ್ಸಾದವರನ್ನು ಹೋಟೆಲಿನ ಹೊರಕೋಣೆಯ ಸೋಫಾದಲ್ಲಿ ಐದಾರು ಗಂಟೆ ಕೂರಿಸುತ್ತಾರೆ. ಉಳಿಸಿದ ಹಣಕ್ಕಿಂತ ಆ ಐದು ಗಂಟೆಗಳ ಬೆಲೆ ಹೆಚ್ಚು.

'ಇಷ್ಟೆಲ್ಲ ಸೌಕರ್ಯಕ್ಕೆ ಹಣ ಎಲ್ಲಿಂದ ತರುವುದು?' ಎಂಬ ಆಕ್ಷೇಪ ನ್ಯಾಯವಾದುದೇ. ಹೆಂಚಿನ ಕಾರ್ಖಾನೆಯಲ್ಲಿ, ಕಲ್ಲುಕೆಲಸದಲ್ಲಿ, ಹೂವಿನ ತೋಟದಲ್ಲಿ ದುಡಿದು ಕೂಡಿಟ್ಟ ಹಣ ಅದು. ಆದರೆ ಖರ್ಚು ಎಲ್ಲಿ ತಗ್ಗಿಸಬೇಕೆಂಬುದರಲ್ಲಿ ನಮ್ಮ ಅಭಿಪ್ರಾಯ ಬೇರೆ. 828 ಮೀಟರ್ ಎತ್ತರದ ಬುರ್ಜ್ ಖಲೀಫಾವನ್ನು ಹತ್ತಲು ಟಿಕೆಟ್ ಬೇಕು. ಕೆಳಗೆ ನಿಂತು ಅದನ್ನೂ ಅದರ ಮುಂದಿನ ನೀರಿನ ಕಾರಂಜಿಯನ್ನೂ ನೋಡಲು ಒಂದು ಕಾಸೂ ಬೇಡ. ಖೋರ್ ದಾಟುವ ಅಬ್ರಾ ದೋಣಿಗೆ ತಲೆಗೆ ಒಂದು ದಿರ್ಹಮ್. ಅಲ್ ಫಹೀದಿಯ ಹಳೆಯ ಗಾಳಿಗೋಪುರದ ಮನೆಗಳ ಓಣಿಗಳಲ್ಲಿ ನಡೆದಾಡುವುದು ಉಚಿತ. ದುಬಾರಿ ಟಿಕೆಟಿನ ಎರಡು ಸ್ಥಳಗಳನ್ನು ಕೈಬಿಟ್ಟರೆ ಇನ್ನೊಂದು ಮಲಗುವ ಕೋಣೆಯ ಹಣ ಹೊಂದುತ್ತದೆ. ಶಾಲೆಗಳ ಬೇಸಿಗೆ ರಜೆಯಲ್ಲಿ ಹೋಗುವವರಿಗಂತೂ ಈ ಲೆಕ್ಕ ಇನ್ನಷ್ಟು ಮುಖ್ಯ. ಮೇ ತಿಂಗಳ ಆ ಬಿಸಿಲಿನಲ್ಲಿ ಮಧ್ಯಾಹ್ನವೆಲ್ಲ ಕೋಣೆಯಲ್ಲೇ ಕಳೆಯಬೇಕಾಗುತ್ತದೆ.

'ಮಗನ ಮನೆಯೇ ಇದೆಯಲ್ಲ' ಎನ್ನುವವರಿಗೂ ಒಂದು ಮಾತು. ಅಲ್ ನಹ್ದಾ, ಅಲ್ ಖುಸೈಸ್ ಬಡಾವಣೆಗಳ ಒಂದು ಮಲಗುವ ಕೋಣೆಯ ಬಾಡಿಗೆಮನೆ, ಅದರಲ್ಲಿ ಗಂಡಹೆಂಡತಿ, ಎರಡು ಮಕ್ಕಳು. ಮಗನಿಗೆ ಬೆಳಿಗ್ಗೆ ಆರಕ್ಕೆ ಡ್ಯೂಟಿ. ಅಲ್ಲಿಗೆ ಊರಿನಿಂದ ಐದು ಮಂದಿ ಇಳಿದರೆ ಆ ಸೊಸೆಯ ಪಾಡೇನು? ಆತಿಥ್ಯ ಮೂರು ದಿನಗಳದೆಂದು ಕಲಿಸಿದ ಪ್ರವಾದಿವರ್ಯರೇ(ಸ), ಆತಿಥೇಯನನ್ನು ಸಂಕಟಕ್ಕೆ ತಳ್ಳುವಷ್ಟು ಕಾಲ ಅತಿಥಿ ಉಳಿಯಬಾರದೆಂದೂ ಕಲಿಸಿದ್ದಾರೆ. ತಂದೆತಾಯಿ ಅತಿಥಿಗಳಲ್ಲ, ಅವರು ಮಗನಲ್ಲೇ ಇರಲಿ. ಜೊತೆಗೆ ಹೋದ ಅಣ್ಣನ ಕುಟುಂಬ, ಖಾಲಾನ ಮಕ್ಕಳು ನಡೆದು ಹೋಗುವಷ್ಟು ಸಮೀಪದಲ್ಲಿ ಬೇರೆ ಜಾಗ ಹಿಡಿದರೆ ಸಂಬಂಧವೂ ಕೆಡದು, ನಿದ್ರೆಯೂ ಕೆಡದು. ಮಗ ಬೇಸರಪಟ್ಟುಕೊಂಡಾನು, ಒಂದು ಊಟದಲ್ಲಿ ಆ ಬೇಸರ ತೀರುತ್ತದೆ.

ಬೇರೆ ನಗರಗಳಿಗೂ ಈಗೀಗ ನಮ್ಮವರು ಹೋಗತೊಡಗಿದ್ದಾರೆ. ಕ್ವಾಲಾಲಂಪುರದಲ್ಲಿ ಬುಕಿತ್ ಬಿಂತಾಂಗ್‌ನ ಚಂಗ್‌ಕತ್ ಬೀದಿ ರಾತ್ರಿಯ ಗದ್ದಲಕ್ಕೆ ಹೆಸರಾದುದು. ಹಳೆಯ ಮಲಯ್ ಕೇರಿಯಾದ ಕಂಪುಂಗ್ ಬಾರುವಿನ ಕಡೆ ಕುಟುಂಬಗಳಿಗೆ ಮೇಲು. ಇಸ್ತಾಂಬುಲ್‌ನಲ್ಲಿ ತಕ್ಸೀಮ್ ಚೌಕದ ಸುತ್ತ ರಾತ್ರಿಯಿಡೀ ಜನಸಂದಣಿ; ಫಾತಿಹ್ ಅಥವಾ ಜಲಸಂಧಿಯ ಆಚೆದಡದ ಉಸ್ಕುದಾರ್‌ನಲ್ಲಿ ಸಂಸಾರಸ್ಥರ ವಾಸ ಹೆಚ್ಚು. 14ನೆಯ ಶತಮಾನದಲ್ಲಿ ಗೋವಾದಿಂದ ಕೊಲ್ಲಂವರೆಗಿನ ಕರಾವಳಿಯ ದಾರಿಯಲ್ಲಿ ಅರ್ಧ ಮೈಲಿಗೊಂದು ಮರದ ತಂಗುಮನೆ, ಕೂರಲು ಜಗಲಿ, ಕುಡಿಯಲು ಬಾವಿ ಇದ್ದವೆಂದು ಇಬ್ನ್ ಬತೂತಾ ಬರೆದಿಟ್ಟಿದ್ದಾನೆ. ಆತ ನಮ್ಮ ಹೊನ್ನಾವರದ ಮೂಲಕವೂ ಹಾದುಹೋದವನು. ಅಷ್ಟು ದೇಶ ತಿರುಗಿದವನಿಗೂ ತಂಗಿದ ಜಾಗ ಬರೆದಿಡತಕ್ಕ ವಿಷಯವಾಗಿತ್ತು.

ಕೊನೆಯದಾಗಿ ನಮ್ಮದೇ ಸದ್ದಿನ ವಿಚಾರ. ಚೆನ್ನೈ ಮಾರ್ಗದ ರೈಲುಗಳು ರಾತ್ರಿಯೆಲ್ಲ ಹಾದುಹೋಗುವ ಟೇಕಲ್‌ನ ಜನ ನಾವು. ಸದ್ದಿಗೆ ಒಗ್ಗಿದ ಕಿವಿಗಳು, ದೊಡ್ಡ ದನಿಯ ಮಾತು. ಪಕ್ಕದ ಕೋಣೆಯಲ್ಲೂ ಯಾರದೋ ತಾಯಿ ಮಲಗಿರುತ್ತಾಳೆ. ರಾತ್ರಿ ಹನ್ನೊಂದಕ್ಕೆ ಮಕ್ಕಳು ಓಣಿಯುದ್ದಕ್ಕೂ ಓಡುವುದು, ಬಾಗಿಲು ತೆರೆದಿಟ್ಟು ಊರಿನವರೊಡನೆ ವಿಡಿಯೋ ಕರೆಯಲ್ಲಿ ಕೂಗಿ ಮಾತಾಡುವುದು, ಸಹ್ರಿಗೆ ಕುಕ್ಕರ್ ಕೂಗಿಸುವುದು, ಇವುಗಳ ಬಗ್ಗೆಯೂ ದೂರುಗಳನ್ನು ಬರೆಯುವವರು ಇದ್ದಾರೆ. ದನಿ ತಗ್ಗಿಸೆಂದು ಲುಕ್ಮಾನರು ಮಗನಿಗೆ ಹೇಳಿದ ಬುದ್ಧಿಮಾತನ್ನು ಮಕ್ಕಳು ಮದ್ರಸದಲ್ಲಿ ಬಾಯಿಪಾಠ ಮಾಡಿಯೇ ಇರುತ್ತಾರೆ. ಹೊರಡುವ ಹಿಂದಿನ ದಿನ, ಪೆಟ್ಟಿಗೆ ಕಟ್ಟುವ ಹೊತ್ತಿನಲ್ಲಿ, ಅದನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿದರೆ ಸಾಕು.