ಖರ್ಚಿನ ದುಡ್ಡು ಯಾರು ಕೊಡಬೇಕು?

"ನಾವು ಕೊಟ್ಟದ್ದು ಪೂರ್ತಿ ಬಡವರ ಕೈಗೇ ಹೋಗ್ಬೇಕು, ಖರ್ಚು ಅಂತ ಕಮಿಟಿ ಒಂದು ಪೈಸೆಯೂ ತೆಗೀಬಾರ್ದು." ರಮಝಾನ್ ಹತ್ತಿರ ಬಂದಾಗ ನಮ್ಮ ಜಮಾಅತ್‌ಗಳಲ್ಲಿ ಈ ಮಾತು ಕೇಳದ ವರ್ಷವಿಲ್ಲ. ಕೇಳಲು ಚೆಂದ. ಆದರೆ ಬೇಲೆಕೇರಿಯಂಥ ಕಡಲ ಬದಿಯ ಊರಿನಲ್ಲಿ ಯಾವ ಮನೆಯ ಯಜಮಾನ ಕಾಯಿಲೆ ಬಿದ್ದು ಕೆಲಸ ಬಿಟ್ಟಿದ್ದಾನೆ, ಯಾವ ವಿಧವೆಯ ಮಗಳ ಫೀಸು ಬಾಕಿ ಉಂಟು ಅಂತ ಮನೆಮನೆ ತಿರುಗಿ ಬರೆದಿಡುವವರು ಯಾರು? ಸಂಬಳವಿಲ್ಲದ ಕೆಲಸ. ಯಾರದೋ ಬಿಡುವಿನಲ್ಲಿ ನಡೆಯುತ್ತದೆ, ಇಲ್ಲವೇ ನಡೆಯುವುದೇ ಇಲ್ಲ. ಲೆಕ್ಕ ಹಿಂದೆ ಬೀಳುತ್ತದೆ. ಲೆಕ್ಕ ಸಿಗದಿದ್ದರೆ ಸಂಶಯ, ಸಂಶಯ ಬಂದರೆ ಮುಂದಿನ ವರ್ಷ ಕೊಡುವ ಕೈ ಬಿಗಿ.

ಇದು ನಮ್ಮ ಒಂದೇ ಊರಿನ ಕಥೆಯಲ್ಲ. ಈಗ ದಾನಧರ್ಮವನ್ನೇ ಪಾಠವಾಗಿ ಕಲಿಸುವ ವಿಶ್ವವಿದ್ಯಾಲಯಗಳುಂಟು, ಅಮೆರಿಕದ ಇಂಡಿಯಾನಾದಲ್ಲಿ ಅದಕ್ಕೆಂದೇ ಒಂದು ವಿಭಾಗವಿದೆ. ಕೊಡುವವರು ಖರ್ಚು ಬೇಡ ಅನ್ನುವುದು, ಸಂಸ್ಥೆ ಖರ್ಚನ್ನು ಕಡಿಮೆ ತೋರಿಸುವುದು, ಕೊನೆಗೆ ಸಂಸ್ಥೆಯೇ ಸೊರಗುವುದು: ಈ ಸುಳಿಯನ್ನು ಸ್ಟ್ಯಾನ್‌ಫರ್ಡ್‌ನ ಪತ್ರಿಕೆಯೊಂದು 2009ರಲ್ಲೇ ವಿವರಿಸಿತ್ತು.

ದೊಡ್ಡದಾಗಿ ಕೊಡುವವರು ಹೇಗೆ ಮಾಡುತ್ತಾರೆ ನೋಡಿ. ನಮ್ಮ ಸರಕಾರಿ ಶಾಲೆಗಳ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತೆ ಅಝೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಗೂ ಮಿಕ್ಕಿದ ಹಣ. ಮೊಟ್ಟೆಯ ಬೆಲೆ ಮಾತ್ರ ಅಲ್ಲ, ಅದನ್ನು ಬೇಯಿಸುವ, ಸಿಪ್ಪೆ ಸುಲಿಯುವ ಖರ್ಚೂ ಆ ಲೆಕ್ಕದೊಳಗೇ ಇದೆ. ಹಸಿ ಮೊಟ್ಟೆ ಕೊಟ್ಟು ಕೈತೊಳೆದುಕೊಂಡರೆ ಮಗುವಿನ ತಟ್ಟೆಗೆ ಅದು ಬರುವುದು ಹೇಗೆ?

ನಮ್ಮ ದೀನ್‌ನಲ್ಲಿ ಇದು ಹೊಸ ಮಾತೂ ಅಲ್ಲ. ಸೂರಾ ತೌಬಾದ 60ನೇ ಆಯತ್‌ನಲ್ಲಿ ಝಕಾತ್‌ನ ಎಂಟು ಹಕ್ಕುದಾರರನ್ನು ಹೇಳುವಾಗ ಫಕೀರ್, ಮಿಸ್ಕೀನರ ನಂತರ ಮೂರನೆಯದಾಗಿಯೇ ಝಕಾತ್‌ನ ಕೆಲಸ ಮಾಡುವವರು ಬರುತ್ತಾರೆ. ಆದರೆ ಒಂದು ಎಚ್ಚರಿಕೆ ಬೇಕು. ಶಾಫಿಈ ಮದ್‌ಹಬ್‌ನಲ್ಲಿ ಆಮಿಲ್ ಎಂದರೆ ಆಡಳಿತಗಾರ ನೇಮಿಸಿದವನು. ಮೊಹಲ್ಲಾ ಕಮಿಟಿ ತನ್ನನ್ನೇ ಆಮಿಲ್ ಎಂದು ಕರೆದುಕೊಂಡು ಝಕಾತ್‌ನಿಂದ ಖರ್ಚು ತೆಗೆಯಲು ಬರುವುದಿಲ್ಲ ಎಂದೇ ನಮ್ಮ ಉಲಮಾಗಳು ಹೇಳುತ್ತಾರೆ. ಹಾಗಾದರೆ ಖರ್ಚಿಗೆ ಸದಖಾ ಬೇರೆಯೇ ಬರಬೇಕು.

ಕೊಡುವವರು ಯಾರಿದ್ದಾರೆ ಅಂತ ಕೇಳಬಹುದು. 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಶಿಕ್ಷಣ ಸಂಸ್ಥೆಯೊಂದರ ಪರವಾಗಿ 40 ಸಾವಿರ ಜನರಿಗೆ ಸಹಾಯ ಕೇಳಿ ಪತ್ರ ಹೋಯಿತು. ಕೆಲವರಿಗೆ ಸುಮ್ಮನೆ ಕೇಳಿದರು. ಕೆಲವರಿಗೆ, 'ನೀವು ಕೊಟ್ಟಷ್ಟೇ ಇನ್ನೊಬ್ಬರು ಸೇರಿಸುತ್ತಾರೆ' ಅಂದರು. ಇನ್ನು ಕೆಲವರಿಗೆ, 'ಆಡಳಿತದ ಖರ್ಚನ್ನು ಒಬ್ಬರು ಆಗಲೇ ಕೊಟ್ಟಾಗಿದೆ, ನಿಮ್ಮದು ಪೂರ್ತಿ ಕೆಲಸಕ್ಕೇ' ಅಂದರು. ಸುಮ್ಮನೆ ಕೇಳಿದ್ದಕ್ಕೆ ಬಂದದ್ದು 8 ಸಾವಿರ ಡಾಲರ್, ಖರ್ಚು ಕೊಟ್ಟಾಗಿದೆ ಅಂದದ್ದಕ್ಕೆ 23 ಸಾವಿರ. ದುಪ್ಪಟ್ಟು ಮಾಡುವ ಆಸೆ ತೋರಿಸಿದ್ದಕ್ಕಿಂತಲೂ ಇದೇ ಹೆಚ್ಚು.

ಗಲ್ಫ್‌ನಲ್ಲಿರುವ ಒಂದು ಕುಟುಂಬವೋ ಒಬ್ಬ ಬೋಟ್ ಮಾಲಕರೋ ಜಮಾಅತ್‌ನ ವರ್ಷದ ಲೆಕ್ಕಪತ್ರದ ಖರ್ಚನ್ನು ಸದಖಾವಾಗಿ ವಹಿಸಿಕೊಂಡರೆ ಸಾಕು, ಉಳಿದವರ ಮನಸ್ಸು ಹಗುರವಾಗುತ್ತದೆ. ಹೆಸರು ಹೇಳುವುದೂ ಬೇಡ, ಖರ್ಚು ಬಂದಾಗಿದೆ ಎಂದು ಜುಮಾ ದಿನ ತಿಳಿಸಿದರಾಯಿತು. ವಸೂಲಿಯಲ್ಲಿ ಪಾಲು ಹೊಡೆಯುವ ಏಜೆಂಟರ ಪರವಾಗಿ ನಾವು ಮಾತಾಡುತ್ತಿಲ್ಲ. ಅವರು ಬೇರೆ, ಇಂತಿಷ್ಟು ಸಂಬಳಕ್ಕೆ ಕೂತು ಲೆಕ್ಕ ಬರೆದು ನೋಟಿಸ್ ಬೋರ್ಡಿಗೆ ಹಚ್ಚುವ ಹುಡುಗ ಬೇರೆ. ಉಸ್ತಾದರು ಸುತ್ತಿಬಳಸಿ ತಮ್ಮ ಸಂಬಳಕ್ಕೇ ಬರ್ತಾ ಇದ್ದಾರೆ ಅಂತ ಕೆಲವರು ನಗಬಹುದು. ಅದೂ ಮಾತಾಡಬೇಕಾದದ್ದೇ, ಆದರೆ ಇನ್ನೊಂದು ವಾರ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಯಾವ ಮನೆಗೆ ಅಕ್ಕಿ ಮುಟ್ಟಬೇಕು ಎಂಬ ಪಟ್ಟಿ ಅಷ್ಟರೊಳಗೆ ತಯಾರಿರಬೇಕಾದರೆ, ಪಟ್ಟಿ ಬರೆಯುವವನನ್ನು ಏಪ್ರಿಲ್‌ನಲ್ಲೇ ನೇಮಿಸಬೇಕು.