ಥ್ರಾಟಲ್ ಹೋಗೇತಂತ, ನೋಡಿದವರ‍್ಯಾರು?

‘ಸಾಹೇಬ್ರ, ಥ್ರಾಟಲ್ ಹೋಗೇತ್ರಿ. ಪೂರಾ ಸೆಟ್ ಬದಲಿ ಮಾಡಬೇಕು.’

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಯಾವ ಊರಿನ ಗ್ಯಾರೇಜಿಗೆ ಹೋದರೂ ಈಗ ಇದೇ ಮಾತು. ಎಷ್ಟಾಗುತ್ತದೆ ಎಂದರೆ ಐದಂಕಿಯ ಲೆಕ್ಕ. ಗಾಡಿಯೋ ಕೆಎ 27 ನಂಬರಿನ ಹಳೇ ಮಾರುತಿ, ಸೆಕೆಂಡ್ ಹ್ಯಾಂಡ್. ಮಾಲೀಕನೋ ಮೆಣಸಿನಕಾಯಿ ಪೇಟೆಯ ಗುಮಾಸ್ತ. ಅವರು ಹೌಹಾರಿ ಸಾಲಕ್ಕೆ ಓಡಾಡಿದರು. ಕಡೆಗೆ ಇನ್ನೊಬ್ಬ ಹಳೇ ಮಿಸ್ತ್ರಿ ರಬ್ಬರ್ ಪೈಪು ಬಿಚ್ಚಿ ನೋಡಿದರೆ ಒಳಗೆ ಬರೀ ಮಸಿ! ಅರ್ಧ ತಾಸಿನ ಕೆಲಸ, ಕೂಲಿ ಮುನ್ನೂರು ರೂಪಾಯಿ. ಮೊದಲನೆಯ ಗ್ಯಾರೇಜಿನವ ಬಾನೆಟ್ಟನ್ನೇ ಸರಿಯಾಗಿ ಎತ್ತಿರಲಿಲ್ಲ.

ಅಲ್ಲಾ ಸ್ವಾಮಿ, ನೋಡದೆ ರೋಗ ಹೇಳುವ ಈ ವಿದ್ಯೆ ಯಾವುದು?

ಥ್ರಾಟಲ್ ಎಂದರೆ ಬ್ರಹ್ಮವಿದ್ಯೆಯಲ್ಲ. ಕೆರೆಯ ತೂಬಿದ್ದ ಹಾಗೆ. ಇಂಜಿನ್ನಿಗೆ ಹೋಗುವ ಗಾಳಿಯ ದಾರಿಯಲ್ಲಿ ಒಂದು ಲೋಹದ ಬಿಲ್ಲೆ. ರೇಸ್ ಕೊಟ್ಟರೆ ತಿರುಗಿ ದಾರಿ ಬಿಡುತ್ತದೆ. 1983ರಲ್ಲಿ ಮಾರುತಿ 800 ಬಂದಾಗ ಅದನ್ನು ಎಳೆಯುತ್ತಿದ್ದುದು ಒಂದು ಕೇಬಲ್. ಆಮೇಲೆ ಇಂಜೆಕ್ಷನ್ ಗಾಡಿ ಬಂದು ಪಕ್ಕದಲ್ಲೊಂದು ಸೆನ್ಸರ್ ಕೂತಿತು. ಈಗಿನ ಹೊಸ ಗಾಡಿಯಲ್ಲಿ ಕೇಬಲ್ಲೇ ಇಲ್ಲ, ಮೋಟಾರೇ ತಿರುಗಿಸುತ್ತದೆ.

ಸಿಗ್ನಲ್ಲಿನಲ್ಲಿ ಗಾಡಿ ಬಂದ್ ಬೀಳುವುದು, ರೇಸ್ ತಾನೇ ಏರಿಳಿಯುವುದು, ಪಿಕಪ್ ಇಲ್ಲದಿರುವುದು, ಇವೇ ಲಕ್ಷಣ. ಗ್ಯಾರೇಜಿಗೆ ಹೋಗುವ ಮೊದಲು ಅಂಗಳದಲ್ಲೇ ಇಂಜಿನ್ ಬಂದ್ ಮಾಡಿ, ತಣ್ಣಗಾದ ಮೇಲೆ ಬಾನೆಟ್ ಎತ್ತಿ. ಮೊದಲು ಏರ್ ಫಿಲ್ಟರ್. ಸೋಮವಾರ, ಗುರುವಾರ ಪೇಟೆಯ ದಿನ ಬ್ಯಾಡಗಿಯಲ್ಲಿ ನಿಂತು ಬಂದ ಗಾಡಿಯ ಫಿಲ್ಟರ್ ತೆಗೆದು ಝಾಡಿಸಿ ನೋಡ್ರಿ, ಸೀನು ಬಂದರೆ ನಮ್ಮನ್ನು ಬೈಯಬೇಡಿ. ಫಿಲ್ಟರಿನಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಪೈಪು ಸೀಳಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗಿ ಐಡ್ಲಿಂಗ್ ಕೆಡುತ್ತದೆ. ಕೇಬಲ್ ಗಾಡಿಯಾದರೆ ಮನೆಯವರೊಬ್ಬರಿಗೆ ಪೆಡಲ್ ತುಳಿಯಲು ಹೇಳಿ. ಬಿಲ್ಲೆ ಪೂರಾ ತೆರೆದು, ಬಿಟ್ಟ ಕೂಡಲೇ ಟಪ್ಪನೆ ಮುಚ್ಚಬೇಕು. ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿದೆಯೇ ಅದನ್ನೂ ನೋಡಿ. ನಗಬೇಡಿ, ಎಷ್ಟೋ ಗಾಡಿಗಳ ‘ಥ್ರಾಟಲ್ ರೋಗ’ ಆ ಮ್ಯಾಟೇ. ಆಮೇಲೆ ಪೈಪು ಬಿಚ್ಚಿ ಟಾರ್ಚ್ ಹಾಕಿ. ಬಿಲ್ಲೆಯ ಅಂಚಿಗೆ ಕರೀ ಮಸಿ ಕಂಡರೆ ಕ್ಲೀನರ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಿ. ಬೀಡಿ, ಸಿಗರೇಟು ದೂರ! ಮೋಟಾರಿನ ಥ್ರಾಟಲ್ ಆದರೆ ಕೀಲಿ ಹಾಕಿರುವಾಗ ಬಿಲ್ಲೆಗೆ ಬೆರಳು ತೋರಬೇಡಿ. ಅದು ಕಚ್ಚುತ್ತದೆ.

ಇಷ್ಟಕ್ಕೂ ಸರಿಹೋಗಲಿಲ್ಲವೆ? 2013ರ ಏಪ್ರಿಲ್ ನಂತರದ ಗಾಡಿಯಾದರೆ ಸ್ಟಿಯರಿಂಗ್ ಕೆಳಗೆ ಓಬಿಡಿ ಸಾಕೆಟ್ ಇರುತ್ತದೆ. ಸಾವಿರದೊಳಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಮೊಬೈಲಿನಲ್ಲೇ ಕೋಡ್ ಕಾಣುತ್ತದೆ. ಪಿ 0122, ಪಿ 0123 ಬಂದರೆ ಥ್ರಾಟಲ್ ಸೆನ್ಸರಿನ ಲೈನಿನಲ್ಲಿ ದೋಷ. ಲೈನಿನಲ್ಲಿ ಎಂದೆ, ಸೆನ್ಸರಿನಲ್ಲೇ ಎನ್ನಲಿಲ್ಲ! ಪ್ಲಗ್ ಸಡಿಲಾಗಿರಬಹುದು. ಹತ್ತಿ, ಗೋವಿನಜೋಳದ ಗೋದಾಮಿನ ಪಕ್ಕ ನಿಲ್ಲುವ ರಾಣೇಬೆನ್ನೂರಿನ ಗಾಡಿಗಳಲ್ಲಿ ಇಲಿ ವಾಯರ್ ಕಡಿದಿರಬಹುದು. ಮೂರು ವಾಯರಿನ ಸೆನ್ಸರಿಗೆ ಸಾಮಾನ್ಯವಾಗಿ ಐದು ವೋಲ್ಟ್ ಬರುತ್ತದೆ. ಬಿಲ್ಲೆ ನಿಧಾನ ತೆರೆದಂತೆ ಸಿಗ್ನಲ್ ವಾಯರಿನಲ್ಲಿ ಅರ್ಧ ವೋಲ್ಟಿನ ಆಸುಪಾಸಿನಿಂದ ನಾಲ್ಕರ ಮೇಲಕ್ಕೆ ಎಲ್ಲೂ ಜಿಗಿಯದೆ ಏರಬೇಕು. ರೇಡಿಯೋ ರಿಪೇರಿಯವನ ಮೀಟರೇ ಸಾಕು. ಡೀಸೆಲ್ ಗಾಡಿಯ ಹಾದಿ ಬೇರೆ, ಈ ಲೆಕ್ಕ ಅದಕ್ಕಲ್ಲ.

ಒಂದು ಮಾತ್ರ ಮನೆಯಲ್ಲಿ ಆಟವಾಡುವ ವಿಷಯವಲ್ಲ. ಮೋಟೆಬೆನ್ನೂರಿನ ಹೈವೇಯಲ್ಲಿ ರೇಸ್ ಸಿಕ್ಕಿಕೊಂಡು ಇಳಿಯದಿದ್ದರೆ ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ, ಬ್ರೇಕ್ ಒತ್ತಿ ಬದಿಗೆ ನಿಲ್ಲಿಸಿ. ಗಾಡಿ ಓಡುತ್ತಿರುವಾಗ ಕೀಲಿ ಕೀಳಬೇಡಿ, ಸ್ಟಿಯರಿಂಗ್ ಲಾಕ್ ಆದೀತು. ಅಂಥ ಗಾಡಿ ಗ್ಯಾರೇಜಿಗೆ ಎಳೆಸಿಕೊಂಡೇ ಹೋಗಬೇಕು.

ಮಿಸ್ತ್ರಿಗಳು ಮುನಿಯಬಹುದು, ‘ನಮ್ಮ ಹೊಟ್ಟೆ ಮ್ಯಾಲೆ ಹೊಡೀತೀರೇನ್ರಿ’ ಎಂದು. ಅವರಲ್ಲಿ ಎಲ್ಲರೂ ಕಳ್ಳರಲ್ಲ. ಕಾರ್ಬೋರೇಟರ್ ಮೇಲೆ ಕೈ ಪಳಗಿಸಿದವರಿಗೆ ಕಂಪ್ಯೂಟರ್ ಗಾಡಿ ಕಲಿಸಿದವರು ಯಾರೂ ಇಲ್ಲ. ಗೊತ್ತಾಗದ್ದನ್ನು ಬದಲಿ ಮಾಡಿಬಿಡುವುದು ಸುಲಭ. ಆದರೆ ಅದರ ಖರ್ಚು ಗಿರಾಕಿಯ ತಲೆ ಮೇಲೇ ಏಕೆ? ಕೋಡ್ ತೋರಿಸಲಿ, ಹಳೇ ಪಾರ್ಟ್ ಕೈಗೆ ಕೊಡಲಿ, ಆಮೇಲೆ ಬಿಲ್ ಬರೆಯಲಿ. ಕೊಡುವ ಗಿರಾಕಿಯೂ ಕೇಳುವ ಧೈರ್ಯ ಮಾಡಲಿ.

ಜಿಲ್ಲೆಯ ಸರಕಾರಿ ಐಟಿಐಗಳು ತಿಂಗಳಿಗೊಂದು ಭಾನುವಾರ ಬಾಗಿಲು ತೆರೆದು, ಒಂದು ಒಳ್ಳೆಯ ಸ್ಕ್ಯಾನರ್ ಇಟ್ಟು, ಊರ ಮಿಸ್ತ್ರಿಗಳನ್ನೂ ಹುಡುಗರನ್ನೂ ಜೊತೆಗೆ ಕೂಡಿಸಿದರೆ ಅವರ ಗಂಟೇನು ಹೋಗುತ್ತದೆ? ಸಂಬಂಧಪಟ್ಟ ಪ್ರಾಚಾರ್ಯರು ಇತ್ತ ಗಮನ ಹರಿಸುವರೇ?