ವಾಪಸ್ ಹೋಗ್ತೀಯಾ?

ನಮ್ಮ ಇಟ್ಟಿಗಿಯಿಂದ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದರೆ ಅದು ಗುಳೆ. ಕೋಡಿಂಗ್ ಮಾಡೋಕೆ ಡಬ್ಲಿನ್‌ಗೆ ಬಂದರೆ ಆನ್‌ಸೈಟ್. ನಾನೂ ಹಾಗಂತಲೇ ಬೀಗ್ತಿದ್ದೆ, ತಂಗಿಗೆ ಹೆರಿಗೆ ಆಗೋವರೆಗೆ.

ತಂಗಿ ಬೆಲ್‌ಫಾಸ್ಟ್‌ನಲ್ಲಿ ನರ್ಸ್. ಡಬ್ಲಿನ್‌ನಿಂದ ಬಸ್ಸಿನಲ್ಲಿ ಎರಡು, ಎರಡೂವರೆ ತಾಸು. ನಡುವೆ ಗಡಿ ಇದೆ, ಗೇಟಿಲ್ಲ. ರಸ್ತೆ ಫಲಕದಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂತೆಂದರೆ ಬ್ರಿಟನ್ ಆಡಳಿತದ ನೆಲ ಬಂತು ಅಂತ ಅರ್ಥ. ನಮ್ಮ ಟೀಮಿನ ಐರಿಶ್ ಹುಡುಗ ಅಲ್ಲಿಗೆ ಶಾಪಿಂಗಿಗೆ ಹೋಗಿ ಸಂಜೆ ಬರ್ತಾನೆ. ಭಾರತದ ಪಾಸ್‌ಪೋರ್ಟಿನ ನನಗೆ ಬ್ರಿಟನ್ ವೀಸಾ ಬೇಕು. ಬಸ್ಸಿನಲ್ಲಿ ಯಾರೂ ಕೇಳದೇ ಇರಬಹುದು. ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು.

ಅರ್ಜಿ ಹಾಕಿದೆ. 2025ರ ಏಪ್ರಿಲ್‌ನಲ್ಲಿ 127 ಪೌಂಡ್‌ಗೆ ಏರಿದ ಶುಲ್ಕ, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಕಂಪನಿಯ ಪತ್ರ, ಬೆರಳಚ್ಚು. ಎಲ್ಲದರ ಹಿಂದೆ ಇರೋದು ಒಂದೇ ಪ್ರಶ್ನೆ: ವಾಪಸ್ ಹೋಗ್ತೀಯಾ? ವೀಸಾ ಬರುವಷ್ಟರಲ್ಲಿ ಕೂಸಿಗೆ ಹೆಸರಿಟ್ಟಾಗಿತ್ತು. ಅಪ್ಪ, ಅವ್ವ ಇಟ್ಟಿಗಿಯಲ್ಲಿ ಕೂತು ನೋಡಿದ ಹಾಗೆ ನಾನೂ ತೊಟ್ಟಿಲನ್ನು ವಿಡಿಯೋ ಕಾಲ್‌ನಲ್ಲೇ ನೋಡಿದೆ.

‘ಓಡಿಹೋಗೋರು ಇರ್ತಾರೆ, ಚೆಕ್ ಮಾಡಬೇಕಲ್ವಾ?’ ಅನ್ನೋ ಗೆಳೆಯರಿದ್ದಾರೆ. ಸ್ವಾಮಿ, ಚೆಕ್ ಮಾಡಿಯೇ ಅಲ್ಲವೇ ಐರ್ಲೆಂಡ್ ನನಗೆ ವರ್ಕ್ ಪರ್ಮಿಟ್, ರೆಸಿಡೆನ್ಸ್ ಕಾರ್ಡ್ ಕೊಟ್ಟು ತಿಂಗಳು ತಿಂಗಳೂ ತೆರಿಗೆ ಹಿಡೀತಿರೋದು? ತಮಾಷೆ ನೋಡಿ. ಭಾರತದಿಂದ ಹತ್ತು ದಿನದ ಟೂರಿಗೆ ಬರುವವರಿಗೆ 2015ರಿಂದ ಬ್ರಿಟಿಷ್-ಐರಿಶ್ ವೀಸಾ ಯೋಜನೆ ಇದೆ. ಒಂದೇ ವೀಸಾದಲ್ಲಿ ಡಬ್ಲಿನ್ನೂ ಬೆಲ್‌ಫಾಸ್ಟೂ ಸುತ್ತಬಹುದು. ಇಲ್ಲೇ ದುಡಿಯುವವನಿಗೆ ಆ ಭಾಗ್ಯ ಇಲ್ಲ. ಇದೇನು ಆಗದ ಕೆಲಸವೂ ಅಲ್ಲ. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇರುವ ಭಾರತೀಯ ವೀಸಾ ಇಲ್ಲದೇ ಪ್ಯಾರಿಸ್‌ಗೆ ಹೋಗಿಬರ್ತಾನೆ, 180 ದಿನಗಳಲ್ಲಿ 90 ದಿನದವರೆಗೆ. ಅಲ್ಲಿ ಕಾರ್ಡನ್ನು ನಂಬ್ತಾರೆ. ಬ್ರಿಟನ್, ಐರ್ಲೆಂಡ್ ಕೂಡ ಒಬ್ಬರ ಕಾರ್ಡನ್ನು ಇನ್ನೊಬ್ಬರು ನಂಬಿದರೆ ಸಾಕು. ದುಡಿಮೆಗೆ ನಂಬ್ತೀವಿ, ನೆಂಟಸ್ತಿಕೆಗೆ ನಂಬಲ್ಲ ಅನ್ನೋದು ಅವಮಾನ.

ಹೀಗೆ ಸಿಟ್ಟು ಮಾಡಿಕೊಂಡಾಗ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ನೆನಪಾಗುತ್ತೆ. ಅದನ್ನು ಕಟ್ಟಿದವರೂ ನಮ್ಮ ಕಡೆಯಿಂದ ಗುಳೆ ಬಂದವರೇ. ಆಮೇಲೆ ಅವರಲ್ಲೊಬ್ಬ ರಿಪೇರಿಗೆ ಬಂದರೆ ಗೇಟಿನಲ್ಲಿ ನಿಲ್ಲಿಸಿ, ರಿಜಿಸ್ಟರ್‌ಗೆ ಹೆಬ್ಬೆಟ್ಟು ಒತ್ತಿಸಿ, ‘ಎಷ್ಟೊತ್ತಿಗೆ ಹೊರಗೆ ಹೋಗ್ತೀಯಾ?’ ಅಂತ ಕೇಳ್ತಿದ್ವಿ. ಆ ಕಮಿಟಿಯಲ್ಲಿ ನಾನೂ ಇದ್ದೆ. ಬ್ರಿಟನ್ನಿನ ರೂಲ್ ಬದಲಾಗಲಿ ಅಂತ ಬರೆಯೋಣ, ಕೂಗೋಣ. ಹಾಗೇ ಮುಂದಿನ ಮೀಟಿಂಗಿನಲ್ಲಿ ಆ ರಿಜಿಸ್ಟರ್ ಬಗ್ಗೆಯೂ ಬಾಯಿ ಬಿಡೋಣ.